ಅಲ್ಲಗಳೆಯದ ಗುರುತು

೧೯೪೦ರಲ್ಲಿ ತೆರೆಕಂಡ ‘ದಿ ಗ್ರೇಟ್ ಡಿಕ್ಟೇಟರ್’ ಚಿತ್ರದಲ್ಲಿ ಯೆಹೂದಿ ಕ್ಷೌರಿಕನೂ ಅವನ ಜನರನ್ನು ಪೀಡಿಸುವ, ಹಿಟ್ಲರನ ಅಣಕವಾದ ಸರ್ವಾಧಿಕಾರಿಯೂ ಒಂದೇ ಮುಖದವರು. ಎರಡು ಪಾತ್ರಗಳನ್ನೂ ಧರಿಸಿದವನು ಚಾರ್ಲಿ ಚಾಪ್ಲಿನ್. ಸೆರೆಶಿಬಿರದಿಂದ ಸೈನಿಕ ಉಡುಪಿನಲ್ಲಿ ತಪ್ಪಿಸಿಕೊಂಡ ಕ್ಷೌರಿಕನಿಗೆ ಸೈನಿಕರು ತಮ್ಮ ಒಡೆಯನೆಂದು ತಿಳಿದು ವಂದಿಸುತ್ತಾರೆ. ನಗೆ ಅಲ್ಲಿಗೆ ಮುಗಿಯಬಹುದು, ವಿಚಾರ ಮುಗಿಯದು.

ನಾತ್ಸಿ ಪ್ರಚಾರಕರು ಚಾಪ್ಲಿನ್ನನನ್ನೂ ಯೆಹೂದಿಯೆಂದು ಹಳಿದಿದ್ದರು. ಆತ ಯೆಹೂದಿಯಲ್ಲ; ಆದರೂ ಅದನ್ನು ಸಾರಿ ಪಾರಾಗಲು ಬಯಸಲಿಲ್ಲ. ‘ನಾನು ಅವನಲ್ಲ’ ಎಂಬ ಮಾತು ನಿಜವಾದರೂ, ‘ಅವನನ್ನು ಹಿಂಸಿಸಬಹುದು’ ಎಂಬ ಸಮ್ಮತಿ ಅದರಲ್ಲಿ ಅಡಗಿರುತ್ತದೆ.

ಹಿರಿಯೂರಿನಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ, ಶಾಲೆಯ ಅಂಗಳದಲ್ಲಿ ಬಾಲಕನೊಬ್ಬನನ್ನು ಕುಲದ ಹೆಸರು ಹಿಡಿದು ಜರೆದಾಗ, ‘ಇವನು ಆ ಕುಲದವನಲ್ಲ’ ಎಂದು ಬಿಡಿಸುವ ಉಪಾಧ್ಯಾಯನು ಒಬ್ಬನನ್ನುಳಿಸಿ ಉಳಿದವರನ್ನು ನಿಂದೆಗೆ ಒಪ್ಪಿಸಿದಂತಾಗುತ್ತದೆ. ತಿದ್ದಬೇಕಾದುದು ಜರೆಯುವ ನಾಲಗೆಯನ್ನು. ಆ ಹೊಣೆ ಗುರುಗಳದು.