ಮಾಚಯ್ಯನ ಗಂಟಿನಲ್ಲಿ ಇಸ್ತ್ರಿ ಬಟ್ಟೆ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾನ್ಯ ಸಚಿವರಿಗೆ,



2024ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿದಾಗ ಬಸವನ ಬಾಗೇವಾಡಿಯವರಾದ ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ಸಲುಗೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಹನ್ನೆರಡನೇ ಶತಮಾನದ ಶರಣರ ಕಾಲವನ್ನು ನಮ್ಮ ಕಿರುತೆರೆ ತೋರಿಸುವ ರೀತಿ ನೋಡಿ ಬೇಸರವಾಗಿದೆ.

ಮಡಿವಾಳ ಮಾಚಯ್ಯನವರು ದೇವರ ಹಿಪ್ಪರಗಿಯವರು. ಈಚಿನವರೆಗೂ ಸಿಂದಗಿ ತಾಲ್ಲೂಕಿನಲ್ಲಿದ್ದ ಊರು ಅದು. ಧಾರಾವಾಹಿಯೊಂದರಲ್ಲಿ ಅವರು ಹೊಳೆಯಿಂದ ಹೊತ್ತು ತಂದ ಗಂಟು ಬಿಚ್ಚಿದರೆ ಒಳಗೆ ನೀಲಿ ಹಾಕಿ, ಗಂಜಿ ಕೊಟ್ಟು, ಇಸ್ತ್ರಿ ಹೊಡೆದ ಗಿರಣಿ ಪಂಚೆಗಳು! ಮಡಿಕೆಯ ಗೆರೆ ಕೂಡ ಎದ್ದು ಕಾಣುತ್ತಿತ್ತು. ಹೊಳೆದಂಡೆಯಲ್ಲಿ ಎಡಹೆಗಲ ಮೇಲಿದ್ದ ಗಂಟು ಮನೆ ಬಾಗಿಲಿಗೆ ಬರುವಷ್ಟರಲ್ಲಿ ಬಲಹೆಗಲಿಗೆ ಹೋಗಿತ್ತು, ಮೊಣಕಾಲತನಕ ತೊಯ್ದಿದ್ದ ಧೋತರ ಗರಿಗರಿ ಒಣಗಿತ್ತು. ಸವಳು ಮಣ್ಣು ಹಚ್ಚಿ, ಉಬ್ಬೆ ಹಾಕಿ, ಕಲ್ಲಿಗೆ ಬಡಿದು ಬಟ್ಟೆ ಮಡಿ ಮಾಡುವುದನ್ನು ಕಂಡ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಒಬ್ಬರನ್ನು ಕೇಳಿದ್ದರೂ ಸಾಕಿತ್ತು. ಕಾಯಕಕ್ಕೆ ಅಷ್ಟು ದೊಡ್ಡ ಬೆಲೆ ಕೊಟ್ಟವರ ಕಥೆಯಲ್ಲಿ ಕಾಯಕವೇ ಸುಳ್ಳಾದರೆ ಉಳಿಯುವುದೇನು?

ದಾಸೋಹದ ಪಂಕ್ತಿಯಲ್ಲೂ ಇದೇ ಕಥೆ. ರೊಟ್ಟಿಯ ಪಕ್ಕದಲ್ಲಿ ಕೆಂಪು ಖಾರ, ಶೇಂಗಾ ಹಿಂಡಿ ಬಡಿಸುತ್ತಾರೆ. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದ ಬೆಳೆಗಳು. ವಾಸ್ಕೋ ಡ ಗಾಮ ಕಲ್ಲಿಕೋಟೆ ತಲುಪಿದ್ದು 1498ರಲ್ಲಿ, ಪೋರ್ಚುಗೀಸರ ಹಡಗಿನಲ್ಲಿ ಇವು ನಮ್ಮ ಕಡೆ ಬಂದದ್ದು ಅದರ ನಂತರ. ಅಂದರೆ ಶರಣರ ಕಾಲ ಮುಗಿದು ಮುನ್ನೂರು ವರ್ಷ ಕಳೆದ ಮೇಲೆ. ಅನುಭವ ಮಂಟಪಕ್ಕೆ ಕಟ್ಟುವ ಚೆಂಡು ಹೂವಿನ ಮಾಲೆಯೂ ಹಾಗೆಯೇ ಆಚೆಯದು. ಹೊರಾಂಗಣ ಚಿತ್ರೀಕರಣದಲ್ಲಿ ಬಸವಣ್ಣನವರ ಬೆನ್ನ ಹಿಂದೆ ಕಾಣುವ ಬಳ್ಳಾರಿ ಜಾಲಿಯಂತೂ ಬ್ರಿಟಿಷರ ಕಾಲದ್ದು. ಜೋಳ, ಸಜ್ಜೆ, ನವಣೆ, ತೊಗರಿ, ಕುಸುಬಿ, ಎಳ್ಳು ಇದ್ದ ಹೊಲವನ್ನು ತೋರಿಸಿದ್ದರೆ ನಮ್ಮ ಮಕ್ಕಳಿಗೆ ಈ ನೆಲದ ಹಳೆಯ ಬೇಸಾಯವೂ ತಿಳಿಯುತ್ತಿತ್ತು.

ಆಧಾರ ಸಿಗುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಕಲ್ಯಾಣದ ದೊರೆ ಮೂರನೇ ಸೋಮೇಶ್ವರನೇ 1129ರ ಹೊತ್ತಿಗೆ ‘ಮಾನಸೋಲ್ಲಾಸ’ ಬರೆದು ಅರಮನೆಯ ಊಟ, ಉಡುಗೆ, ಒಡವೆಗಳನ್ನು ಬಿಡಿಸಿ ಹೇಳಿದ್ದಾನೆ. ಅದಕ್ಕೂ ನೂರು ವರ್ಷ ಮುಂಚೆ ಚಾವುಂಡರಾಯನ ‘ಲೋಕೋಪಕಾರ’ ಕನ್ನಡದಲ್ಲೇ ಅಡುಗೆಯ ವಿವರ ಕೊಟ್ಟಿದೆ. ಬಾಗೇವಾಡಿ ತಾಲ್ಲೂಕಿನ ಮನಗೂಳಿಯಲ್ಲಿ ಕಲ್ಯಾಣವನ್ನಾಳಿದ ಬಿಜ್ಜಳನ ಕಾಲದ ಶಾಸನವಿದೆ. ಇಂಡಿ ತಾಲ್ಲೂಕಿನ ಸಾಲೋಟಗಿಯ 945ರ ಶಾಸನ ದೂರದೂರದ ವಿದ್ಯಾರ್ಥಿಗಳು ಬಂದು ಕಲಿಯುತ್ತಿದ್ದ ಶಾಲೆಯನ್ನೂ ಅವರು ಉಳಿಯಲು ಇದ್ದ 27 ಮನೆಗಳನ್ನೂ ಹೇಳುತ್ತದೆ. ಇಷ್ಟಿದ್ದೂ ಕಿರುತೆರೆಯಲ್ಲಿ ಪಾಠ ನಡೆಯುವುದು ಗಿಡದ ಕೆಳಗಿನ ಒಂದು ಗುಡಿಸಲಿನಲ್ಲಿ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಐಕ್ಯಳಾದಳೆಂದು ನಾವು ನಂಬುವ, ಬಸವಣ್ಣನವರ ಮಡದಿ ನೀಲಮ್ಮತಾಯಿಗೆ ಉಡಿಸಿದ್ದು ಪಾಲಿಯೆಸ್ಟರ್ ಸೀರೆ. ಬಿಜ್ಜಳನ ಅರಮನೆಗಂತೂ ಆದಿಲ್‌ಶಾಹಿ ಕಮಾನು ಕಟ್ಟಿದ್ದಾರೆ.

ನಾನು ಕಥೆಗೆ ಬೇಲಿ ಹಾಕಿ ಎನ್ನುತ್ತಿಲ್ಲ, ಇದನ್ನು ದಯವಿಟ್ಟು ಗಮನಿಸಿ. ಲಂಕೇಶರ ‘ಸಂಕ್ರಾಂತಿ’, ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಒಂದೇ ಕಲ್ಯಾಣವನ್ನು ಮೂರು ಬಗೆಯಲ್ಲಿ ಕಂಡವು. ಬರೆಯುವವರಿಗೆ ಆ ಸ್ವಾತಂತ್ರ್ಯ ಇರಲೇಬೇಕು. ಆದರೆ ಮೆಣಸಿನಕಾಯಿ ಯಾರ ವ್ಯಾಖ್ಯಾನವೂ ಅಲ್ಲ, ಅದು ಬರೀ ತಪ್ಪು. ‘ಇದು ಕಾಲ್ಪನಿಕ’ ಎಂಬ ಸೂಚನೆ ಹಾಕಿ ಕೈ ತೊಳೆದುಕೊಳ್ಳುವುದೂ ಪರಿಹಾರವಲ್ಲ. 1990ರಲ್ಲಿ ಟಿಪ್ಪು ಕುರಿತ ದೂರದರ್ಶನ ಧಾರಾವಾಹಿಯ ತಕರಾರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿ ಅಂಥ ಸೂಚನೆ ಬಂತು. ಮನೆಮನೆಯಲ್ಲಿ ಧಾರಾವಾಹಿ ನೆನಪಿನಲ್ಲಿ ಉಳಿಯಿತು, ಸೂಚನೆ ಉಳಿಯಲಿಲ್ಲ.

ಸಿಂದಗಿ ತಾಲ್ಲೂಕಿನವರೇ ಆದ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ ಪ್ರಕಟಿಸಿದ್ದು ನಿಮ್ಮ ಇಲಾಖೆಯೇ. ಅಷ್ಟು ದೊಡ್ಡ ಕೆಲಸ ಮಾಡಿದವರಿಗೆ ನಾನು ಕೇಳುತ್ತಿರುವುದು ಭಾರವಲ್ಲ. ಶಾಸನ ತಜ್ಞರು, ಕೃಷಿ ಬಲ್ಲವರು, ನೇಕಾರರು, ಮಡಿವಾಳರನ್ನು ಒಟ್ಟಿಗೆ ಕೂರಿಸಿ ಹನ್ನೆರಡನೇ ಶತಮಾನದ ಊಟ, ಉಡುಗೆ, ಮನೆ, ಉಪಕರಣಗಳ ಬಗ್ಗೆ ಒಂದು ಸಚಿತ್ರ ಕೈಪಿಡಿ ಮಾಡಿಸಿ. ಅದನ್ನು ಧಾರಾವಾಹಿ, ಸಿನಿಮಾ ಮಾಡುವವರಿಗೆ ಉಚಿತವಾಗಿ ಕೊಡಿ. ಸರ್ಕಾರದ ಹಣದಲ್ಲಿ ಶರಣರ ಮೇಲೆ ಯಾವ ಚಿತ್ರ ತಯಾರಾದರೂ ಒಬ್ಬ ಇತಿಹಾಸಕಾರರು ಮತ್ತು ಕಂಟಿನ್ಯುಟಿ ನೋಡಿಕೊಳ್ಳುವ ಒಬ್ಬರು ಸೆಟ್‌ನಲ್ಲಿ ಇರಲೇಬೇಕೆಂದು ಷರತ್ತು ಹಾಕಿ. ಮುಂದಿನ ಬಸವ ಜಯಂತಿಗೆ ಆ ಕೈಪಿಡಿಯನ್ನು ಬಾಗೇವಾಡಿಯಲ್ಲೇ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಬಸವನ ಬಾಗೇವಾಡಿಯ ಒಬ್ಬ ವೀಕ್ಷಕ