ಮಾತನಾಡಿಸಿಕೊಂಡು ಬರುವುದು



ಸಾವಾದ ಮನೆಗೆ ಹೋಗಿ ಬರುವುದನ್ನು ನಮ್ಮ ಕಡೆ ‘ಮಾತನಾಡಿಸಿಕೊಂಡು ಬರುವುದು’ ಎನ್ನುತ್ತೇವೆ. 30 ವರ್ಷಗಳಿಗೂ ಮಿಕ್ಕಿ ಕನ್ನಡ ವ್ಯಾಕರಣ ಕಲಿಸಿದ ನನಗೆ ಈ ಮಾತಿನ ಅರ್ಥ ಹೊಳೆದದ್ದು ನಿವೃತ್ತನಾದ ಮೇಲೆ, ಅದೂ ನನ್ನದೇ ತಪ್ಪಿನಿಂದ.

ನನ್ನೊಡನೆ ಬಹುಕಾಲ ಕೆಲಸ ಮಾಡಿದ ಹಿರಿಯ ಶಿಕ್ಷಕರೊಬ್ಬರ ಪತ್ನಿ ಕಳೆದ ವರ್ಷ ತೀರಿಕೊಂಡರು. ಬೆಳಗಾಗುವಷ್ಟರಲ್ಲಿ ವಾಟ್ಸಪ್ ಗುಂಪಿಗೆ ಸುದ್ದಿ ಬಂದಿತು. ನಾನು ಕೈಮುಗಿದ ಚಿತ್ರವನ್ನೊತ್ತಿ ‘ಓಂ ಶಾಂತಿ’ ಎಂದು ಬರೆದೆ. ಅಂಥವೇ ಐವತ್ತು ಅರವತ್ತು ಆಗಲೇ ಬಂದಿದ್ದವು. ಅವರ ಮನೆ ಆಟೋದಲ್ಲಿ ಹತ್ತು ನಿಮಿಷದ ದಾರಿ. ಮೊಣಕಾಲು ನೋವು, ನಾಳೆ ಹೋದರಾಯಿತು ಎಂದುಕೊಂಡೆ. ನಾಳೆಗಳು ಕಳೆಯುತ್ತ ಹೋದವು. ನಿಜ ಹೇಳಬೇಕೆಂದರೆ, ಆ ಚಿತ್ರ ಕಳುಹಿಸಿದ ಕ್ಷಣದಲ್ಲಿಯೇ ಕರ್ತವ್ಯ ಮುಗಿಯಿತೆಂಬ ಸಮಾಧಾನ ನನ್ನ ಮನಸ್ಸಿಗೆ ಬಂದುಬಿಟ್ಟಿತ್ತು.

ತಿಂಗಳ ಮೇಲೆ ಒಂದು ಸಂಜೆ ಅವರು ನಮ್ಮ ಧುಪದಾಳದ ಒಡ್ಡಿನ ಬಳಿ ಸಿಕ್ಕರು. 19ನೆಯ ಶತಮಾನದ ಕೊನೆಯಲ್ಲಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ಈ ಒಡ್ಡಿನ ಮೇಲೆ ನಿಮ್ಮಲ್ಲಿ ಅನೇಕರನ್ನು ಹಕ್ಕಿ ತೋರಿಸಲು ಕರೆದೊಯ್ದದ್ದು ನೆನಪಿರಬಹುದು. ನಾನು ನಾಚಿಕೆಯಿಂದ, “ಬರಾಕ ಆಗಲಿಲ್ರೀ ಸರ. ಅಕ್ಕಾರಿಗೆ ಏನಾಗಿತ್ರೀ?” ಎಂದು ಕೇಳಿದೆ.

“ಕುಂಡ್ರೀ ಮಾಸ್ತರ, ಹೇಳ್ತೇನಿ” ಎಂದವರು ಒಂದು ತಾಸು ಮಾತನಾಡಿದರು. ರಾತ್ರಿ ಆಕೆ ನೀರು ಕೇಳಿದ್ದು, ಇವರು ತಂಬಿಗೆ ಹಿಡಿದು ಬರುವಷ್ಟರಲ್ಲಿ ಉಸಿರು ನಿಂತದ್ದು, ಒಂದು ಗಳಿಗೆ ಮೊದಲೇ ಎದ್ದಿದ್ದರೆ ಎಂಬ ಕೊರಗು. ನಾನು ಏನೂ ಹೇಳಲಿಲ್ಲ. ಹೊರಡುವಾಗ ಅವರೇ ಅಂದರು: “ಎಲ್ಲಾರೂ ಸಮಾಧಾನ ಮಾಡ್ಕೋರಿ ಅಂದ್ರು. ಏನಾತು ಅಂತ ಕೇಳಿದವ್ರು ಭಾಳ ಕಡಿಮಿ ನೋಡ್ರಿ.”

ಅಂದು ರಾತ್ರಿ ನಿದ್ರೆ ಬರಲಿಲ್ಲ. ‘ಕಲಿ’ ಎಂಬುದಕ್ಕೆ ‘ಇಸು’ ಸೇರಿದರೆ ‘ಕಲಿಸು’, ‘ಮಾತನಾಡು’ ಎಂಬುದಕ್ಕೆ ಸೇರಿದರೆ ‘ಮಾತನಾಡಿಸು’. ಪ್ರೇರಣಾರ್ಥಕ ಕ್ರಿಯಾಪದವೆಂದು ನಿಮಗೆಲ್ಲ ಕರಿಹಲಗೆಯ ಮೇಲೆ ಬರೆದು ತೋರಿಸಿದವನು ನಾನೇ. ಹಾಗಾದರೆ ದುಃಖದ ಮನೆಯಲ್ಲಿ ಮಾತನಾಡಬೇಕಾದವರು ನಾವಲ್ಲ, ಅವರು. ನಾವು ಹೋಗುವುದು ಅವರಿಂದ ಮಾತನಾಡಿಸಲು. ನಮ್ಮ ಹಿರಿಯರು ಇದನ್ನು ಶಬ್ದದೊಳಗೇ ಇಟ್ಟಿದ್ದರು.

ಹಿಂದಿನದೆಲ್ಲ ಚಿನ್ನವೆಂದು ನಾನು ಹೇಳಲಾರೆ. ತಂತಿಯ ಕಾಲದಲ್ಲಿಯೂ ಸಿದ್ಧವಾಕ್ಯಗಳ ಪಟ್ಟಿಯಿತ್ತು, ಅದರ ಸಂಖ್ಯೆ ಬರೆದರೆ ಶುಭಾಶಯ ತಲುಪುತ್ತಿತ್ತು. 2013ರ ಜುಲೈಯಲ್ಲಿ ಆ ತಂತಿಯೇ ನಿಂತುಹೋಯಿತು. 1980ರ ದಶಕದಲ್ಲಿ 15 ಪೈಸೆಯ ಕಾರ್ಡು ತುದಿ ಹರಿದುಕೊಂಡು ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಎಷ್ಟೋ ಸಲ ಅದು ತಲುಪುವ ವೇಳೆಗೆ ಎಲ್ಲ ಮುಗಿದಿರುತ್ತಿತ್ತು. ಆದರೆ ಆ ಕಾರ್ಡು ಸುದ್ದಿಯನ್ನಷ್ಟೇ ತರುತ್ತಿತ್ತು. ಓದಿದವರು ಚೀಲ ಹಿಡಿದು ಹೊರಡುತ್ತಿದ್ದರು. ಇಂದಿನ ಮೊಬೈಲು ಸುದ್ದಿಯ ಜೊತೆಗೆ ಹೋಗದಿರುವ ಅನುಕೂಲವನ್ನೂ ತಂದುಕೊಡುತ್ತದೆ. ನನ್ನ ತಕರಾರು ಅಷ್ಟಕ್ಕೇ.

ಏಕೆಂದರೆ ದೋಷ ಯಂತ್ರದ್ದಲ್ಲ. 2020ರ ಲಾಕ್‌ಡೌನಿನಲ್ಲಿ ನನ್ನ ಶಿಷ್ಯನೊಬ್ಬನಿಗೆ ತಂದೆಯ ಅಂತ್ಯಕ್ರಿಯೆಗೆ ಊರಿಗೆ ಬರಲಾಗಲಿಲ್ಲ. ಆತ ಪ್ರತಿದಿನ ಸಂಜೆ ತಾಯಿಗೆ ಫೋನು ಮಾಡಿ ಅಪ್ಪನ ಒಂದೊಂದೇ ಸಂಗತಿ ಕೇಳುತ್ತಿದ್ದ. ಮದುವೆಯಲ್ಲಿ ಅಪ್ಪ ಹೇಗಿದ್ದ, ಮೊದಲ ಎತ್ತು ಎಲ್ಲಿ ಕೊಂಡ ಎಂದು. ಆ ತಾಯಿ ಅಳುತ್ತ, ನಗುತ್ತ ಹೇಳುತ್ತಿದ್ದಳಂತೆ. ಆತ ಬಾರದೆಯೇ ಮಾತನಾಡಿಸಿದ. ನಾನು ಹತ್ತು ನಿಮಿಷದ ದಾರಿಯಲ್ಲಿದ್ದೂ ಮಾತನಾಡಿಸಲಿಲ್ಲ.

ಆದ್ದರಿಂದ ಬೆಂಗಳೂರು, ಪುಣೆ, ದೂರದೇಶಗಳಲ್ಲಿರುವ ನಿಮಗೆ ನನ್ನದೊಂದು ವಿನಂತಿ. ಅಂಥ ಸುದ್ದಿ ಬಂದಾಗ ಕೈಮುಗಿದ ಚಿತ್ರ ಕಳುಹಿಸಿರಿ, ತಪ್ಪಿಲ್ಲ. ಅಲ್ಲಿಗೇ ನಿಲ್ಲಬೇಡಿರಿ. ಸಾಧ್ಯವಾದರೆ ಹೋಗಿರಿ, ಆಗದಿದ್ದರೆ ಕರೆ ಮಾಡಿರಿ. ಏನಾಯಿತೆಂದು ಕೇಳಿರಿ, ಕೇಳಿ ಸುಮ್ಮನಿರಿರಿ.

ಮರುವಾರ ನಾನು ಆ ಹಿರಿಯರ ಮನೆಗೆ ಹೋಗಿ ಬಂದೆ. ಮೊಣಕಾಲು ನೋವು ಈಗಲೂ ಇದೆ.