ಕಿವಿಯ ಮೊರೆತವೂ ಮನಸ್ಸಿನ ಮದ್ದೂ



ರಂಗಂಪೇಟೆಯ ಒಂದು ಮನೆಗೆ ಪ್ರಸಾದಕ್ಕೆ ಹೋದಾಗ ಕಂಡ ಸಂಗತಿಯಿದು. ಖಿನ್ನತೆಗೆ ಮಾತ್ರೆ ಸೇವಿಸುತ್ತಿದ್ದ ತಾಯಿಯೊಬ್ಬರಿಗೆ ಕಿವಿಯಲ್ಲಿ ಜೀರುಂಡೆಯಂತಹ ಮೊರೆತ ತೊಡಗಿತ್ತು. ನೆರೆಯವರಲ್ಲಿ ಒಬ್ಬರು ‘ಅದು ಮಾತ್ರೆಯ ಉಷ್ಣ, ಬಿಟ್ಟುಬಿಡಿ’ ಎಂದರು. ಇನ್ನೊಬ್ಬರು ‘ಅನಾಹತ ನಾದ’ವೆಂದು ಕೈಮುಗಿದರು. ತಾಯಿ ಮಾತ್ರೆ ಬಿಟ್ಟರು. ವಾರ ಕಳೆಯುವುದರೊಳಗೆ ನಿದ್ರೆ ಹೋಯಿತು, ತಲೆ ಸುತ್ತಿತು, ಮೊರೆತ ಇಮ್ಮಡಿಸಿತು.

ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲಿ ಸದ್ದು ಕೇಳುವುದನ್ನು ವೈದ್ಯರು ಟಿನ್ನಿಟಸ್ ಎನ್ನುತ್ತಾರೆ. ಮುಪ್ಪು, ಯಂತ್ರಗಳ ಅಬ್ಬರ, ಕಿವಿಯ ಗುಗ್ಗೆ ಇವು ಸಾಮಾನ್ಯ ಕಾರಣಗಳು. ಹೆಚ್ಚು ಪ್ರಮಾಣದ ಆಸ್ಪಿರಿನ್, ಕ್ವಿನೈನ್, ಜೆಂಟಾಮೈಸಿನ್‌ಗಳಿಂದಲೂ ಬರುವುದುಂಟು. ಮನೋರೋಗದ ಔಷಧಗಳಲ್ಲಿ ಬ್ಯುಪ್ರೊಪಿಯಾನ್, ವೆನ್ಲಫ್ಯಾಕ್ಸಿನ್ ಮೊದಲಾದವು ಕೆಲವರಲ್ಲಿ ಇದನ್ನು ಉಂಟುಮಾಡಬಲ್ಲವು. ಆದುದರಿಂದ ರೋಗಿಯ ದೂರನ್ನು ಭ್ರಮೆಯೆಂದು ತಳ್ಳಿಹಾಕುವುದು ಅನ್ಯಾಯ.

ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಚಿಂತೆ, ಖಿನ್ನತೆ, ನಿದ್ರಾಹೀನತೆಗಳೇ ಮೊರೆತವನ್ನು ಹೆಚ್ಚಿಸುತ್ತವೆ; ಮೊರೆತವು ಮರಳಿ ಚಿಂತೆಯನ್ನು ಬೆಳೆಸುತ್ತದೆ. ಔಷಧವನ್ನು ಥಟ್ಟನೆ ನಿಲ್ಲಿಸುವುದರಿಂದಲೂ ಮೊರೆತ ಹುಟ್ಟಬಹುದು. ಡಯಾಜೆಪಾಮ್, ಆಲ್ಪ್ರಜೋಲಾಮ್‌ನಂತಹ ಗುಳಿಗೆಗಳನ್ನು ಬಹುಕಾಲ ಸೇವಿಸಿ ಒಮ್ಮೆಲೇ ಬಿಟ್ಟರೆ ಅಪಸ್ಮಾರದಂತಹ ಸೆಳೆತವೂ ಬಂದೀತು. ಕಾರಣ ಮಾತ್ರೆಯೋ, ಕಿವಿಯೋ, ಮನಸ್ಸೋ ಎಂಬುದನ್ನು ನೆರೆಮನೆಯಲ್ಲಿ ತೀರ್ಮಾನಿಸಲಾಗದು.

ಮಾಡಬೇಕಾದುದಿಷ್ಟು: ಮೊರೆತ ಯಾವ ದಿನ ತೊಡಗಿತು, ಯಾವ ಮಾತ್ರೆ ಹೊಸದು, ಯಾವುದರ ಪ್ರಮಾಣ ಬದಲಾಯಿತು ಎಂಬುದನ್ನು ಬರೆದಿಟ್ಟುಕೊಂಡು ಔಷಧ ಕೊಟ್ಟ ವೈದ್ಯರಿಗೇ ತೋರಿಸಿರಿ. ಅವರು ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸಬಹುದು, ಮದ್ದನ್ನು ಬದಲಿಸಬಹುದು. ಕಿವಿಯ ವೈದ್ಯರನ್ನೂ ಕಾಣಿರಿ. ಒಂದೇ ಕಿವಿಯಲ್ಲಿ ಮೊರೆತ, ನಾಡಿಯೊಡನೆ ಬಡಿಯುವ ಸದ್ದು, ಹಠಾತ್ ಕಿವುಡುತನ ಇದ್ದರೆ ತಡಮಾಡಬೇಡಿರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಯಿದೆ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ಮನೋವೈದ್ಯರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಮನೆಯಿಂದಲೇ, ಕನ್ನಡದಲ್ಲಿಯೇ ಮಾತನಾಡಬಹುದು. ಬದುಕು ಬೇಡವೆನಿಸಿದವರನ್ನು ಒಬ್ಬರನ್ನೇ ಬಿಡಬೇಡಿರಿ.

ನಾದದ ಮಾತೂ ಬಂದುದರಿಂದ ಹೇಳುತ್ತೇನೆ. ಮಠದಲ್ಲಿ ಗುರುಗಳಿಂದ ನಾನು ಕಲಿತ ನಾದಾನುಸಂಧಾನವು ಮನಸ್ಸನ್ನು ಶಾಂತಗೊಳಿಸುವ ಸಾಧನೆ. ನಿದ್ರೆಗೆಡಿಸಿ ಅಳಿಸುವ ಸದ್ದಿಗೆ ಆ ಹೆಸರಿಡುವುದು ಸಾಧನೆಗೂ ರೋಗಿಗೂ ಅಪಚಾರ.

ಆ ತಾಯಿ ಮರಳಿ ವೈದ್ಯರಲ್ಲಿಗೆ ಹೋದರು. ಮದ್ದು ಬದಲಾಯಿತು. ಮೊರೆತ ಪೂರ್ಣ ಹೋಗಿಲ್ಲ. ರಾತ್ರಿ ಫ್ಯಾನಿನ ಸದ್ದಿನಲ್ಲಿ ಅದು ಅಡಗುತ್ತದೆ, ನಿದ್ರೆ ಬರುತ್ತದೆ. ಮನೆಯವರು ಈಗ ಅವರ ಮಾತನ್ನು ನಂಬುತ್ತಾರೆ. ಅರ್ಧ ಆರೋಗ್ಯ ಅಲ್ಲಿಯೇ ಇದೆ.